ಎರಡು ಅಂಗುಲ ಹೆಚ್ಚಿನ ಪೈಪು

ಅಂಗುಲಪ್ಪನ ಮನೆಯಲ್ಲಿ ಆ ಬುಧವಾರ ಬೆಳಿಗ್ಗೆ ಎದ್ದ ಪ್ರಶ್ನೆ ಒಂದೇ. ಕಾರು ಇರಬೇಕೋ, ಹೋಗಬೇಕೋ? ಪ್ರಶ್ನೆ ಎತ್ತಿದವಳು ಹೆಂಡತಿ. ಉತ್ತರವನ್ನೂ ಅವಳೇ ಸಿದ್ಧ ಮಾಡಿಟ್ಟುಕೊಂಡಿದ್ದಳು. ಗಂಡನ ಪಾಲಿಗೆ ಉಳಿದಿದ್ದದ್ದು ಹೂಂಗುಟ್ಟುವ ಕೆಲಸ ಮಾತ್ರ. ಮದುವೆಯಾದಂದಿನಿಂದ ಆ ಕೆಲಸವನ್ನು ಚಾಚೂತಪ್ಪದೆ ಮಾಡಿಕೊಂಡು ಬಂದಿದ್ದ ಪುಣ್ಯಾತ್ಮ ಅಂದು ಮಾಡಲಿಲ್ಲ. ಮುಂದಿನ ಅನಾಹುತವೆಲ್ಲ ಶುರುವಾದದ್ದು ಅಲ್ಲಿಂದಲೇ.

ಅಂಗುಲಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಅವನು ದರ್ಜಿ. ಯಾವ ಬಟ್ಟೆ ಹೊಲಿದರೂ ಹೊಲಿಗೆಯ ಒಳಮಗ್ಗುಲಲ್ಲಿ ಒಂದು ಅಂಗುಲ ಬಟ್ಟೆ ಮಡಚಿ ಬಿಡದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಊಟ ಚೆನ್ನಾಗಿ ಸೇರುವವರಿಗೆ ಎರಡು ಅಂಗುಲ. "ಮನುಷ್ಯ ಇವತ್ತು ಇದ್ದ ಹಾಗೆ ನಾಳೆ ಇರಲ್ಲ. ಬಿಚ್ಚಿ ದೊಡ್ಡದು ಮಾಡೋಕೆ ಒಳಗೆ ಬಟ್ಟೆ ಇರಬೇಕು," ಎಂದು ಅಂಗಿಗೆ ಅಳತೆ ಕೊಡಲು ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದ. ಈ ಸಿದ್ಧಾಂತ ಬಟ್ಟೆಗಷ್ಟೇ ಸೀಮಿತವಾಗಿರಲಿಲ್ಲ. (ರೈಲಿಗೆ ಹೊರಟರೆ ಎಷ್ಟು ಬೇಗ ಹೋಗುತ್ತಿದ್ದನೆಂದರೆ, ಅದರ ಹಿಂದಿನ ರೈಲು ಹೊರಡುವುದನ್ನೂ ನೋಡಿಕೊಂಡು ಕೂತಿರುತ್ತಿದ್ದ.)

ಹೆಂಡತಿ ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ, ಸೂಜಿ ಚುಚ್ಚಿ ಬರುವುದು ಅವಳ ಉದ್ಯೋಗ. ಹಾಗಾಗಿ ಮನೆಯಲ್ಲಿ ಸೂಜಿ ಹಿಡಿದವರು ಇಬ್ಬರು, ಮಾತಿನಲ್ಲಿ ಚುಚ್ಚುವವಳು ಒಬ್ಬಳೇ. ಕಾರು ಓಡಿಸುವವಳೂ ಅವಳೇ. ಅಂಗುಲಪ್ಪನಿಗೆ ಹೊಲಿಗೆ ಯಂತ್ರದ ಪೆಡಲಿನ ಹೊರತು ಬೇರೆ ಪೆಡಲು ಗೊತ್ತಿರಲಿಲ್ಲ. ಕಾರು ಅವರ ಮದುವೆಗಿಂತ ನಾಲ್ಕು ವರ್ಷ ಹಿರಿಯದು. ಬಾಗಿಲು ಮುಚ್ಚಿದರೆ ಕೆಳಗಿನಿಂದ ಚಿಟಿಕೆಯಷ್ಟು ತುಕ್ಕು ನೆಲಕ್ಕುದುರುತ್ತಿತ್ತು. ತಿಂಗಳಿಂದೀಚೆಗೆ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಹೊಟ್ಟೆನೋವು ಬಂದವರಂತೆ ಮುಲುಕುತ್ತಿತ್ತು. ನಿಲ್ಲಿಸಿದ ಜಾಗದಲ್ಲಿ ಕೆಂಪು ಎಣ್ಣೆಯ ಕಲೆ. ಆ ಬುಧವಾರವಂತೂ ಅದು ಪೂರ್ತಿ ಸೆಟೆದುಕೊಂಡಿತು.

"ನೋಡ್ರಿ, ಓಣಿಯ ತಿರುವಿನಲ್ಲಿ ಅದನ್ನ ತಿರುಗಿಸೋಕೆ ಎದ್ದು ನಿಲ್ಲಬೇಕಾಯ್ತು," ಎಂದಳು ಹೆಂಡತಿ, ಭುಜ ನೀವಿಕೊಳ್ಳುತ್ತ. "ಪವರ್ ಸ್ಟೀರಿಂಗಿನ ಪೈಪು ತುಕ್ಕು ಹಿಡಿದು ತೂತಾಗಿದೆ. ಭಾನುವಾರದೊಳಗೆ ಸರಿಹೋದರೆ ಸರಿ. ಇಲ್ಲ ಅಂದ್ರೆ ಸೋಮವಾರ ಗುಜರಿಯವನನ್ನ ಕರೆಸ್ತೀನಿ. ಓಡಾಡೋಕೆ ನನಗೊಂದು ಸ್ಕೂಟರ್ ಸಾಕು."

ಸ್ಕೂಟರ್ ಎಂದದ್ದೇ ಅಂಗುಲಪ್ಪನ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವಿತ್ತು, ಆದರೆ ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಪ್ರತಿ ಭಾನುವಾರ ಸಂಜೆ ಇಸ್ತ್ರಿ ಮಾಡಿದ ಬಟ್ಟೆಗಳನ್ನು ಗಿರಾಕಿಗಳಿಗೆ ತಲುಪಿಸಲು ಇಬ್ಬರೂ ಕಾರಿನಲ್ಲಿ ಹೋಗುತ್ತಿದ್ದರು. ಅವಳು ಓಡಿಸುವುದು, ಅವನು ಪಕ್ಕದಲ್ಲಿ ಬಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು. ಹೋಗಿಬರಲು ಒಂದೂವರೆ ಗಂಟೆ. ವಾರದ ಉಳಿದ ಹೊತ್ತೆಲ್ಲ ಅವರ ನಡುವೆ ನಡೆಯುತ್ತಿದ್ದ ಮಾತು ಬೀಗದಕೈ ಎಲ್ಲಿ, ಹಾಲು ಉಕ್ಕಿತಾ, ಫ್ಯಾನ್ ಆರಿಸಿದವರು ಯಾರು, ಇಷ್ಟೇ. ಆ ಒಂದೂವರೆ ಗಂಟೆ ಮಾತ್ರ ಬೇರೆ. ಅವಳು ಒಮ್ಮೊಮ್ಮೆ ಗುನುಗುತ್ತಿದ್ದಳು, ರೋಗಿಗಳ ಕಥೆ ಹೇಳಿ ನಗಿಸುತ್ತಿದ್ದಳು. ಹೆಲ್ಮೆಟ್ ಹಾಕಿಕೊಂಡ ಹೆಂಡತಿಯ ಬೆನ್ನ ಹಿಂದೆ ಕೂತು ಆ ಸುಖ ಸಿಕ್ಕೀತೇ? ಅವನಿಗೆ ಆ ಕಾರು ಬೇಕಾಗಿತ್ತು, ಬಹಳ ಬೇಕಾಗಿತ್ತು.

"ನಾನು ಸರಿಮಾಡ್ತೀನಿ," ಎಂದ.

ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಸುಮ್ನೆ ನನ್ನ ತಮ್ಮನ ಗ್ಯಾರೇಜಿಗೆ ಬಿಡಿ, ಅರ್ಧ ದಿನದ ಕೆಲಸ."

"ಅವನೊಬ್ಬನ ಬಾಗಿಲಿಗೆ ಹೋಗಲ್ಲ."

ಇಲ್ಲಿ ಭಾವಮೈದುನನ ವಿಷಯ ಹೇಳಲೇಬೇಕು. ಆರು ವರ್ಷದ ಹಿಂದೆ ಅವನ ಮದುವೆಯ ಕೋಟನ್ನು ಅಂಗುಲಪ್ಪನೇ ಹೊಲಿದದ್ದು. ಆಗ ಭಾವಮೈದುನ ಕಡ್ಡಿಯಂತಿದ್ದ. ಕೋಟನ್ನು ತೊಟ್ಟು ನೋಡಲು ಅಂಗಡಿಗೆ ಬಂದವನು ಹತ್ತು ಜನ ಗಿರಾಕಿಗಳ ಎದುರಿಗೆ, "ಭಾವ, ಒಳಗೆ ಇಷ್ಟೊಂದು ಬಟ್ಟೆ ತುರುಕಿದ್ದೀರಲ್ಲ, ಕೋಟೋ ದಿಂಬೋ?" ಎಂದುಬಿಟ್ಟ. ಗಿರಾಕಿಗಳು ನಕ್ಕರು. ಅಂಗುಲಪ್ಪ ನಗಲಿಲ್ಲ. ಹಲ್ಲು ಕಚ್ಚಿಕೊಂಡು ಅವನು ಕೇಳಿದ ಹಾಗೇ ಮೈಗಂಟುವಂತೆ ಹೊಲಿದುಕೊಟ್ಟ. ಅಂದಿನಿಂದ ಅವರಿಬ್ಬರ ನಡುವಿನ ಮಾತು "ಊಟ ಆಯ್ತಾ" ಎಂಬಲ್ಲಿಗೆ ಬಂದು ನಿಂತಿತ್ತು.

ಹೊಲಿಗೆ ಯಂತ್ರದ ದೀಪ ಬಿಚ್ಚಿಕೊಂಡು ಅಂಗುಲಪ್ಪ ಕಾರಿನಡಿ ತೂರಿ ಮಲಗಿದ. ಎಂಜಿನ್ನಿನ ಪಕ್ಕದ ಪಂಪಿನಿಂದ ಹೊರಟು, ಡೊಂಕಾಗಿ ಇಳಿದು, ಮುಂದಿನ ಚಕ್ರಗಳ ನಡುವೆ ಸೇರುವ ಬೆರಳು ದಪ್ಪದ ಪೈಪು ಕಣ್ಣಿಗೆ ಬಿತ್ತು. ಪೈಪು ಎನ್ನುವುದಕ್ಕಿಂತ ಪೈಪಿನ ಆಕಾರದ ತುಕ್ಕು ಎನ್ನಬಹುದು. ಬೆರಳಿಂದ ಕೆರೆದದ್ದೇ ಹಳೇ ಗೋಡೆಯ ಸುಣ್ಣದಂತೆ ಚಕ್ಕೆ ಎದ್ದು ಕಣ್ಣಿಗೆ ಬಿತ್ತು. ಹಿಂದೆಯೇ ಕೆಂಪು ಎಣ್ಣೆಯ ಒಂದು ತೊಟ್ಟು ಸರಿಯಾಗಿ ಹಣೆಯ ಮಧ್ಯಕ್ಕೆ.

ಜಗಲಿಯ ಮೇಲೆ ಕೂತು ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದ ಅವನ ತಾಯಿ ಇದನ್ನೆಲ್ಲ ಕನ್ನಡಕದ ಮೇಲಿನಿಂದ ನೋಡುತ್ತಿದ್ದಳು. "ನಿಮ್ಮಪ್ಪ ಹೊಲಿಗೆ ಮೆಷಿನ್ನಿಗೆ ಎಣ್ಣೆ ಹಾಕ್ತಿದ್ರು ಕಣೋ. ಅದಕ್ಕಿಂತ ಮುಂದೆ ಯಾವತ್ತೂ ಹೋಗಲಿಲ್ಲ. ನೆಮ್ಮದಿಯಾಗಿ ಕಣ್ಣುಮುಚ್ಚಿದ್ರು," ಎಂದಳು.

ಗುರುವಾರದ ಚಿಕಿತ್ಸೆ ದರ್ಜಿಯ ಬುದ್ಧಿಗೆ ತಕ್ಕದ್ದೇ, ತೇಪೆ. ಅಂಗುಲಪ್ಪ ಒಂದು ಚೂರು ಬಟ್ಟೆಯನ್ನೂ ಎಸೆಯುವವನಲ್ಲ. ಅಂಗಡಿಯ ಮೂಲೆಯಲ್ಲಿ ತುಂಡುಬಟ್ಟೆಗಳ ಒಂದು ಭಾರೀ ಗಂಟೇ ಇತ್ತು. ಅದರಲ್ಲಿ ಕೈಯಾಡಿಸಿ, ಗಟ್ಟಿಯಾದ ಕಡುನೀಲಿ ಉಣ್ಣೆಬಟ್ಟೆಯ ಉದ್ದನೆಯ ಪಟ್ಟಿಯೊಂದನ್ನು ಎಳೆದ. ನೀಲಿಯ ಮೇಲೆ ಕೂದಲೆಳೆಯಷ್ಟು ತೆಳುವಾದ ಬೂದು ಗೆರೆ. ಇಷ್ಟು ಒಳ್ಳೆಯ ಬಟ್ಟೆಯನ್ನು ಯಾವುದಕ್ಕೆಂದು ಜೋಪಾನ ಮಾಡಿಟ್ಟಿದ್ದೆನೋ ಎಂದುಕೊಂಡ. ನೆನಪಾಗಲಿಲ್ಲ. ಅದನ್ನೇ ಪೈಪಿಗೆ ಸುತ್ತತೊಡಗಿದ.

ಕೆಲಸಕ್ಕೆ ಹೊರಟಿದ್ದ ಹೆಂಡತಿ ಬಗ್ಗಿ ನೋಡಿದಳು. "ಏನ್ರೀ ಅದು, ಕಾಲುಚೀಲ ಜಾರಿದ ಹಾಗೆ. ಸರೀರಿ ಆಕಡೆ." ಹಾಗೆಂದು ತಾನೇ ಕೂತು, ಉಳುಕಿದ ಕಾಲಿಗೆ ಕಟ್ಟುವ ಕ್ರಮದಲ್ಲಿ ಅಡ್ಡಡ್ಡ ಸುತ್ತಿ, ತುದಿ ಒಳಗೆ ಸಿಕ್ಕಿಸಿ, ಬೆರಳಿನಿಂದ ಒತ್ತಿ ನೋಡಿದಳು. ಎದ್ದು ಕೈ ಒರೆಸಿಕೊಳ್ಳುತ್ತ, "ಎರಡು ದಿನ ನೀರು ತಾಗಿಸಬೇಡಿ," ಎಂದು ಅಭ್ಯಾಸಬಲದಿಂದ ಹೇಳಿದಳು. ಕಟ್ಟು ಮೂರನೆಯ ರೋಗಿಯ ಮನೆಯವರೆಗೆ ತಡೆಯಿತು. ನಾಲ್ಕನೆಯ ಮನೆಯ ಮುಂದೆ ಕೆಂಪು ಎಣ್ಣೆ ಮತ್ತೆ ಹರಿದದ್ದನ್ನು ಕಂಡು, ಆ ಮನೆಯವರು ಯಾರಿಗೋ ಅಪಘಾತವಾಗಿದೆ ಎಂದು ಹೊರಗೆ ಓಡಿಬಂದರಂತೆ.

ಶುಕ್ರವಾರ ಅಂಗುಲಪ್ಪ ಅಂಗಡಿಗೆ ಬಾಗಿಲು ಹಾಕಿದ. ಪೈಪನ್ನೇ ಬಿಚ್ಚಿ ಹೊಸದು ಹಾಕುವುದೆಂದು ತೀರ್ಮಾನವಾಗಿತ್ತು. ಸೈಕಲ್ ಅಂಗಡಿಯವನಿಂದ ಸ್ಪ್ಯಾನರ್ ಎರವಲು ತಂದು ಪಂಪಿನ ಬಳಿಯ ನಟ್ಟಿಗೆ ಹಾಕಿದ. ನಟ್ಟು ಅಲುಗಲಿಲ್ಲ. ಉಸಿರು ಬಿಗಿಹಿಡಿದು ಎಳೆದ. ಆಗಲೂ ಅಲುಗಲಿಲ್ಲ, ಸ್ಪ್ಯಾನರ್ ಮಾತ್ರ ಜಾರಿ ಗೆಣ್ಣುಗಳ ಚರ್ಮ ಸುಲಿಯಿತು. ಆರು ಮೂಲೆಯ ಆ ನಟ್ಟು ಗಂಟೆಗೊಂದರಂತೆ ಮೂಲೆ ಕಳೆದುಕೊಳ್ಳುತ್ತ ಮಧ್ಯಾಹ್ನದ ಹೊತ್ತಿಗೆ ಗೋಲಿಯಂತೆ ಗುಂಡಗಾಯಿತು. ತುಕ್ಕು ಬಿಡಿಸುವ ಎಣ್ಣೆ ಹಾಕಿದ, ಹೊಲಿಗೆ ಯಂತ್ರದ ಎಣ್ಣೆ ಹಾಕಿದ, ಕೊನೆಗೆ ತಾಯಿಯ ಮಂಡಿನೋವಿನ ಎಣ್ಣೆಯನ್ನೂ ಹಾಕಿದ. (ಮಂಡಿಗೆ ಆಗದ ಉಪಕಾರ ನಟ್ಟಿಗೆ ಆದೀತೆಂಬ ಭರವಸೆ ತಾಯಿಗೂ ಇರಲಿಲ್ಲ.) ಸುತ್ತಿಗೆ, ಉಳಿ, ಬೈಗುಳ ಮೂರೂ ಒಟ್ಟಿಗೆ ಕೆಲಸ ಮಾಡಿದ ಮೇಲೆ ಸಂಜೆಗೆ ನಟ್ಟು ಸಡಿಲಿತು. ಪೈಪು ಮೂರು ತುಂಡಾಗಿ ಅವನ ಎದೆಯ ಮೇಲೆ ಬಿತ್ತು. ಅವನಿಗೆ ಅಳುವಷ್ಟು ಸಂತೋಷವಾಯಿತು.

ತುಂಡುಗಳನ್ನು ಕತ್ತರಿಸುವ ಮೇಜಿನ ಮೇಲೆ ಜೋಡಿಸಿ, ಡೊಂಕಿನ ಮೇಲೆ ಟೇಪು ಹರಿಸಿ ಅಳೆದ. ಮೂವತ್ತೊಂದು ಅಂಗುಲ. ಎರಡೆರಡು ಸಲ ಅಳೆದ, ಮೂವತ್ತೊಂದೇ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಅಳತೆಪುಸ್ತಕದಲ್ಲಿ ಬರೆದ, ಮೂವತ್ತಮೂರು ಅಂತ. ಮರೆತು ಬರೆದದ್ದಲ್ಲ, ತಪ್ಪಿ ಬರೆದದ್ದೂ ಅಲ್ಲ. ಇಪ್ಪತ್ತೈದು ವರ್ಷ ಹಾಗೆ ಬರೆದ ಕೈ ಅದು. ಈ ತುದಿಗೊಂದು ಅಂಗುಲ, ಆ ತುದಿಗೊಂದು ಅಂಗುಲ, ತಾನಾಗಿಯೇ ಸೇರಿಕೊಂಡವು.

ಪೈಪು ಬಗ್ಗಿಸಿಕೊಡುವ ಅಂಗಡಿಯವನು ಅವನ ಚೀಟಿಯನ್ನೂ ಅದರಲ್ಲಿ ಬರೆದ ಡೊಂಕುಗಳ ಚಿತ್ರವನ್ನೂ ನೋಡಿ, "ಹಳೇ ಪೈಪು ತಂದಿಲ್ವಾ?" ಎಂದು ಕೇಳಿದ.

ಅಂಗುಲಪ್ಪನಿಗೆ ಅದು ಚುಚ್ಚಿತು. ಅಳತೆ ಕೊಡಲು ಸೋಮಾರಿತನಪಟ್ಟು ಹಳೇ ಅಂಗಿ ತಂದು ಬಿಸಾಡಿ ಹೋಗುವ ಗಿರಾಕಿಗಳನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ತಾನು ಆ ಜಾತಿಗೆ ಸೇರಿದವನೇ? "ಅಳತೆ ಇದೆಯಲ್ಲ, ಮಾಡಿ," ಎಂದ.

"ಸರಿಯಾಗಿ ಮೂವತ್ಮೂರಾ ಸ್ವಾಮಿ? ಆಮೇಲೆ ನನ್ನ ಕೇಳ್ಬಾರದು."

"ಅಳತೆ ತೆಗೆಯೋದೇ ನನ್ನ ಕಸುಬು ಕಣಯ್ಯ. ಸರಿಯಾಗಿ ಮೂವತ್ಮೂರು."

ಶನಿವಾರ ಹೊಸ ಪೈಪು ಹೊಳೆಯುತ್ತ ಬಂತು. ಒಂದು ತುದಿ ಪಂಪಿಗೆ ಸಲೀಸಾಗಿ ಕೂತಿತು. ಇನ್ನೊಂದು ತುದಿ ಕೂರಬೇಕಾದ ಜಾಗ ದಾಟಿ ಎರಡು ಅಂಗುಲ ಆಚೆಗೆ ನಿಂತಿತು. ಅಂಗುಲಪ್ಪನ ಮುಖ ಹುಳ್ಳಗಾಯಿತು. ಆದರೂ ಒಳಗೆ ಬಿಟ್ಟದ್ದು ಯಾವತ್ತಾದರೂ ವ್ಯರ್ಥವಾದದ್ದುಂಟೇ? ಹೆಚ್ಚಿದ್ದರೆ ಮಡಚಿದರಾಯಿತು. ಮಂಡಿಯಿಂದ ಒತ್ತಿ, ನಡುವೆ ಬಿಲ್ಲಿನಂತೆ ಉಬ್ಬಿಸಿ, ಹೇಗೋ ನಟ್ಟು ಬಿಗಿದ. ಉಬ್ಬು ಎಂಜಿನ್ನಿನ ಬೆಲ್ಟಿನ ಪಕ್ಕಕ್ಕೇ ಬಂದು ನಿಂತಿತ್ತು. ತಾಗದಿರಲೆಂದು ಅದೇ ನೀಲಿ ಪಟ್ಟಿಯನ್ನು ಹಿಂಡಿ, ಅಲ್ಲಿ ಮೆತ್ತೆಯಾಗಿ ಸುತ್ತಿದ. ಎಣ್ಣೆ ತುಂಬಿಸಿ ಹೆಂಡತಿಯನ್ನು ಕರೆದ.

ಅವಳು ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಸ್ವಲ್ಪ ತಿರುಗಿಸಿದಳು. ಮುಲುಕಾಟವಿಲ್ಲ, ಹೂವಿನಂತೆ ಹಗುರ. ಅವಳ ಹುಬ್ಬು ಮೇಲೇರಿದ್ದನ್ನು ಅಂಗುಲಪ್ಪ ತೆರೆದ ಬಾನೆಟ್ಟಿನ ಸಂದಿಯಿಂದ ಕಣ್ತುಂಬ ನೋಡಿದ.

"ಪರವಾಗಿಲ್ವೇ," ಎಂದಳು.

ಇಷ್ಟು ವರ್ಷದ ದಾಂಪತ್ಯದಲ್ಲಿ ಇದಕ್ಕಿಂತ ದೊಡ್ಡ ಬಿರುದು ಅವನಿಗೆ ಸಿಕ್ಕಿರಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಪೂರ್ತಿ ತಿರುಗಿಸು, ಹೆದರಬೇಡ," ಎಂದು ಅಪ್ಪಣೆ ಕೊಟ್ಟ. ಅವಳು ಪೂರ್ತಿ ತಿರುಗಿಸಿದಳು. ಪೈಪಿನೊಳಗೆ ಒತ್ತಡ ಏರಿತು. ಉಬ್ಬು ಒಮ್ಮೆ ನಡುಗಿ, ಮೆತ್ತೆಯನ್ನೂ ಪಕ್ಕಕ್ಕೆ ತಳ್ಳಿ, ಓಡುವ ಬೆಲ್ಟಿಗೆ ಮೈಕೊಟ್ಟಿತು. ಕಿರ್ರೆಂಬ ಸದ್ದಾಯಿತು. ಮರುಕ್ಷಣ ಪೈಪು ಸೀಳಿ, ಕೆಂಪು ಎಣ್ಣೆ ಚಿಮ್ಮಿ, ಬಗ್ಗಿ ನಿಂತಿದ್ದ ಅಂಗುಲಪ್ಪನನ್ನು ನೆತ್ತಿಯಿಂದ ಸೊಂಟದವರೆಗೆ ತೋಯಿಸಿತು.

"ಹೋದ, ನನ್ನ ಮಗ ಹೋದ," ಎಂದು ತಾಯಿ ಕಾಜಾದ ಅಂಗಿಯನ್ನು ಅಲ್ಲೇ ಬಿಟ್ಟು ಎದ್ದಳು. ಹೆಂಡತಿ ಬಾಗಿಲು ತಳ್ಳಿ ಓಡಿಬಂದು, ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ತಲೆಗೂದಲು ಬಿಡಿಸಿ ಬಿಡಿಸಿ ಗಾಯ ಹುಡುಕಿದಳು.

"ಎಲ್ಲಿ ನೋವು? ಮಾತಾಡ್ರಿ."

"ಎರಡು ಅಂಗುಲ," ಎಂದ ಅವನು, ದೂರ ನೋಡುತ್ತ.

"ಎರಡು ಅಂಗುಲದ ಗಾಯನಾ? ಎಲ್ಲಿ?"

"ಗಾಯ ಅಲ್ಲ, ಪೈಪು. ಎರಡು ಅಂಗುಲ ಜಾಸ್ತಿ ಬಿಟ್ಟಿದ್ದೆ."

ಅವಳ ಬೆರಳುಗಳು ಅವನ ಕೂದಲಲ್ಲೇ ನಿಂತವು. ಬಯ್ಯುತ್ತಾಳೆ ಎಂದು ಕಾದ. ಬಯ್ಯಲಿಲ್ಲ. ಕೈತೊಳೆದುಕೊಂಡು ಬಂದು ತಮ್ಮನಿಗೆ ಫೋನ್ ಮಾಡಿದಳು. ಅಂಗುಲಪ್ಪ ತಡೆಯಲಿಲ್ಲ. ಮಾನ ಮರ್ಯಾದೆಯೆಲ್ಲ ಎಣ್ಣೆಯ ಜೊತೆಗೇ ಚರಂಡಿಗೆ ಹರಿದಿತ್ತು. ಕಾರೂ ಹೋಯಿತು, ಭಾನುವಾರದ ಸಂಜೆಗಳೂ ಹೋದವು ಎಂದು ತಲೆಯ ಮೇಲೆ ಕೈಹೊತ್ತು ಕೂತ.

ಭಾವಮೈದುನ ಬಂದ. ಆರು ವರ್ಷದ ಸಂಸಾರ ಅವನ ಸೊಂಟದ ಸುತ್ತ ಚೆನ್ನಾಗಿ ಶೇಖರವಾಗಿತ್ತು. ಬಾನೆಟ್ಟಿನೊಳಗೆ ಇಣುಕಿ, ಬಿಲ್ಲಿನಂತಿದ್ದ ಪೈಪನ್ನು ನೋಡಿ, ಭಾವನ ಕಡೆ ನೋಡಿದ. ನಗುತ್ತಾನೆ ಎಂದು ಅಂಗುಲಪ್ಪ ಕಣ್ಣು ಮುಚ್ಚಿಕೊಂಡ. ಅವನು ನಗಲಿಲ್ಲ. "ಊಟ ಆಯ್ತಾ ಭಾವ?" ಎಂದ. ನಕ್ಕಿದ್ದರೇ ವಾಸಿಯಿತ್ತು.

ಕಾರನ್ನು ಹಗ್ಗ ಕಟ್ಟಿ ಎಳೆದೊಯ್ದದ್ದಾಯಿತು. ಭಾನುವಾರ ಬೆಳಿಗ್ಗೆ ಗಂಡಹೆಂಡತಿ ಗ್ಯಾರೇಜಿಗೆ ಹೋದಾಗ ಭಾವಮೈದುನ ಹಳೇ ಪೈಪಿನ ಮೂರು ತುಂಡುಗಳನ್ನು ಕಣ್ಣಳತೆಗೆ ಇಟ್ಟುಕೊಂಡು ಹೊಸದನ್ನು ಬಗ್ಗಿಸುತ್ತಿದ್ದ. ಟೇಪಿಲ್ಲ, ಚೀಟಿಯಿಲ್ಲ.

"ಕಬ್ಬಿಣಕ್ಕೆ ಒಳಗೆ ಬಿಡೋಕೆ ಬರಲ್ಲ ಭಾವ," ಎಂದ ಮೆಲ್ಲಗೆ. "ಕಾರು ಬೆಳೆಯೋ ಮಗು ಅಲ್ವಲ್ಲ." ಆಮೇಲೆ ಸೀಳಿದ ಪೈಪಿನಿಂದ ನೀಲಿ ಪಟ್ಟಿಯನ್ನು ಬಿಚ್ಚಿ, ಬೆರಳುಗಳ ನಡುವೆ ಉಜ್ಜಿ ನೋಡಿದ. "ಒಳ್ಳೇ ಬಟ್ಟೆ. ಎಲ್ಲೋ ನೋಡಿದ ಹಾಗಿದೆ." ಮೊಣಕೈವರೆಗೆ ಮಸಿಯನ್ನೆಲ್ಲ ಅದರಲ್ಲೇ ಒರೆಸಿಕೊಂಡು, ಅಂಗಳದಲ್ಲಿ ಕಸ ಉರಿಯುತ್ತಿದ್ದ ಡಬ್ಬಿಗೆ ಎಸೆದ. ಎಣ್ಣೆ ಕುಡಿದ ಬಟ್ಟೆ ಭಗ್ಗೆಂದು ಉರಿಯಿತು.

ಮಧ್ಯಾಹ್ನ ನಾಲ್ಕಕ್ಕೆ ಕಾರು ಸಿದ್ಧವಾಯಿತು. ಭಾವಮೈದುನ ಕೂಲಿ ಬೇಡವೆಂದ. ತಲೆ ಕೆರೆದುಕೊಂಡು, ಒಳಗಿನಿಂದ ಒಂದು ಕೈಚೀಲ ತಂದ. "ಇವತ್ತು ಸಂಜೆ ಆರಕ್ಕೆ ಮೆಕ್ಯಾನಿಕ್ಕುಗಳ ಸಂಘದ ಸಭೆ ಭಾವ. ನನ್ನನ್ನ ಅಧ್ಯಕ್ಷ ಮಾಡ್ತಿದ್ದಾರೆ. ಮದುವೆ ಕೋಟು ಹಾಕ್ಕೊಳ್ಳೋಣ ಅಂದ್ರೆ ಗುಂಡಿ ಸೇರ್ತಿಲ್ಲ. ಆಗ ನಾನು ಹುಡುಗುಬುದ್ಧಿಗೆ ಏನೋ ಅಂದೆ. ನೀವು ಹೇಳಿದ್ದೇ ಸರಿ, ಮನುಷ್ಯ ಇದ್ದ ಹಾಗೇ ಇರಲ್ಲ. ನೀವು ಒಳಗೆ ಬಿಡದೆ ಹೊಲಿಯೋರಲ್ಲ ಅಂತ ಊರಿಗೇ ಗೊತ್ತು. ಎರಡು ಅಂಗುಲ ಬಿಚ್ಚಿಕೊಟ್ಟರೆ ಸಾಕು."

ಅಂಗುಲಪ್ಪನ ಎದೆ ಉಬ್ಬಿತು. ಆರು ವರ್ಷದ ಅವಮಾನ ಒಂದೇ ಮಾತಿನಲ್ಲಿ ತೊಳೆದುಹೋಯಿತು. "ಅದೇನು ಮಹಾ, ಅರ್ಧ ಗಂಟೆಯ ಕೆಲಸ," ಎಂದ.

ಮನೆಗೆ ಬಂದವನೇ ಕೋಟನ್ನು ಮೇಜಿನ ಮೇಲೆ ಹರಡಿ, ಅಸ್ತರಿನ ಹೊಲಿಗೆ ಬಿಚ್ಚಿ, ಒಳಗೆ ಬೆರಳು ತೂರಿಸಿದ. ಬೆರಳಿಗೆ ಏನೂ ಸಿಗಲಿಲ್ಲ. ಇನ್ನೊಂದು ಮಗ್ಗುಲು ಬಿಚ್ಚಿದ. ಅಲ್ಲಿ ಕಾಲಂಗುಲ, ಅಷ್ಟೇ. ಆಗ ಅವನಿಗೆ ಎಲ್ಲ ನೆನಪಾಯಿತು. ಅಂದು ಸಿಟ್ಟಿನ ಭರದಲ್ಲಿ, 'ದಿಂಬು ಬೇಡವಾ, ತಗೋ' ಎಂದು ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಕತ್ತರಿಯಿಂದ ಸವರಿಹಾಕಿದ್ದ. ಜೀವಮಾನದಲ್ಲಿ ಒಳಗೆ ಬಿಡದೆ ಹೊಲಿದದ್ದು ಅದೊಂದೇ ಬಟ್ಟೆ. ಆದರೂ ಧೈರ್ಯ ಪೂರ್ತಿ ಕೆಡಲಿಲ್ಲ. ತಾನು ಚೂರನ್ನೂ ಎಸೆಯುವವನಲ್ಲ, ಆ ಕೋಟಿನ ಉಳಿಕೆ ಬಟ್ಟೆಯನ್ನು ಮುಂದೊಂದು ದಿನ ಬೇಕಾದೀತೆಂದು ಎತ್ತಿಟ್ಟಿದ್ದ. ಅದನ್ನೇ ಎರಡು ಮಗ್ಗುಲಿಗೂ ಸೇರಿಸಿದರಾಯಿತು. ಗಂಟು ಬಿಚ್ಚಿ ಹುಡುಕತೊಡಗಿದ. ಕಡುನೀಲಿ ಬಣ್ಣ, ಕೂದಲೆಳೆಯಷ್ಟು ಬೂದು ಗೆರೆ.

ಕೈ ತಾನಾಗಿಯೇ ನಿಂತುಬಿಟ್ಟಿತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮೇಜಿನ ಮೇಲಿನ ಕೋಟನ್ನು ನೋಡಿದಳು, ಅದರ ಗೆರೆ ನೋಡಿದಳು. ಗುರುವಾರ ತನ್ನ ಕೈಯಾರೆ ಕಟ್ಟಿದ ಕಟ್ಟು ಅವಳಿಗೂ ನೆನಪಾಗಿರಬೇಕು.

"ಕಾರಿಗೆ ಎರಡು ಅಂಗುಲ ಬಿಟ್ರಿ, ನನ್ನ ತಮ್ಮನಿಗೆ ಕಾಲಂಗುಲ," ಎಂದಳು. "ಏಳ್ರಿ, ಹೋಗಿ ಅವನಿಗೆ ನೀವೇ ಹೇಳಿ. ನಾನಂತೂ ಹೇಳಲ್ಲ."

"ನಿಧಾನಕ್ಕೆ ಹೋಗೋಣ," ಎಂದ ಅವನು.

"ಐದು ಗಂಟೆಯಾಯ್ತು. ಅವನು ಅಂಗಿ ಹಾಕ್ಕೊಂಡು ಕಾಯ್ತಿರ್ತಾನೆ."

ಭಾನುವಾರದ ಸಂಜೆ. ಅವಳು ಓಡಿಸುತ್ತಿದ್ದಳು, ಅವನು ಪಕ್ಕದಲ್ಲಿ ಕೂತಿದ್ದ. ತೊಡೆಯ ಮೇಲೆ ಮಗ್ಗುಲು ಬಿಚ್ಚಿದ ನೀಲಿ ಕೋಟು. ಹೋದ ವಾರದವರೆಗೂ ಓಣಿಯ ತಿರುವು ದಾಟಲು ಐದು ನಿಮಿಷ ಹಿಡಿಯುತ್ತಿತ್ತು. ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ. ಇಂದು ಅವಳು ಒಂದೇ ಬೆರಳಿನಲ್ಲಿ ತಿರುಗಿಸಿದಳು. ಕಾರು ಜಾರಿದಂತೆ ತಿರುವು ದಾಟಿತು. ಅದರಾಚೆಯದನ್ನೂ ದಾಟಿತು. ಗ್ಯಾರೇಜು ಇಷ್ಟು ಹತ್ತಿರವಿದೆಯೆಂದು ಅಂಗುಲಪ್ಪನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಆ ತುಕ್ಕು ಹಿಡಿದ ಪೈಪು ಇನ್ನೊಂದು ವಾರ ಹಾಗೇ ಇದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದುಕೊಂಡ.

ಅವಳು ಗುನುಗುತ್ತಿದ್ದಳು.

"ಎಷ್ಟು ಹಗುರ ಆಗಿದೆ ನೋಡ್ರಿ," ಎಂದು, ಕೊನೆಯ ತಿರುವನ್ನೂ ಅದೇ ಬೆರಳಿನಲ್ಲಿ ತಿರುಗಿಸಿದಳು. ಗ್ಯಾರೇಜಿನ ಬಾಗಿಲಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎರಡೂ ತೋಳುಗಳನ್ನು ಆಗಲೇ ಕೋಟಿಗೆ ಚಾಚಿಕೊಂಡು ಅಧ್ಯಕ್ಷರು ನಿಂತಿದ್ದರು.